ಟೀ ರುಚಿ ನೋಡುವವಳ ವಸಡು

ರಕ್ತ ಮೊದಲು ಕಂಡದ್ದು ಉಗುಳುವ ತೊಟ್ಟಿಯಲ್ಲಿ.

ಕೂನೂರಿನ ಹತ್ತಿರದ ಒಂದು ಟೀ ಫ್ಯಾಕ್ಟರಿಯಲ್ಲಿ ನಾನು ಟೇಸ್ಟರ್. ಸುತ್ತಲಿನ ಹಟ್ಟಿಗಳ ಸಣ್ಣ ಬೆಳೆಗಾರರಿಂದ ಹಸಿ ಎಲೆ ಕೊಂಡು ಟೀ ಮಾಡುವ ಫ್ಯಾಕ್ಟರಿ ನಮ್ಮದು. ಹಿಂದಿನ ದಿನ ಡ್ರೈಯರ್‌ನಿಂದ ಇಳಿದ ಬ್ಯಾಚುಗಳೆಲ್ಲ ಬೆಳಿಗ್ಗೆ ಬಿಳಿ ಕಪ್‌ಗಳಲ್ಲಿ ಸಾಲಾಗಿ ನನ್ನ ಮುಂದೆ ಬಂದು ಕೂರುತ್ತವೆ. ಒಂದೊಂದನ್ನೂ ಚಮಚದಲ್ಲಿ ಎತ್ತಿ, ಸರ್ರೆಂದು ಗಾಳಿ ಸಮೇತ ಎಳೆದು, ಬಾಯಿ ತುಂಬ ಆಡಿಸಿ, ಉಗುಳಬೇಕು. ಆಮೇಲೆ ಯಾವುದು ಚೆನ್ನಾಗಿದೆ, ಯಾವುದು ಸಪ್ಪೆ, ಯಾವುದು ಸೀದಿದೆ ಅಂತ ಹೇಳಬೇಕು. ಸಂಬಳ ಕೊಟ್ಟು ಉಗುಳಿಸಿಕೊಳ್ಳುವ ಕೆಲಸ ಅಂತ ನಮ್ಮ ಮನೆಯ ಯಜಮಾನರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ನಗಲಿ. ಕುಂದಾ ಪವರ್ ಹೌಸಿನಲ್ಲಿ ಅವರು ಮೀಟರ್ ನೋಡುತ್ತಾರೆ, ಇಲ್ಲಿ ನಾನೇ ಮೀಟರ್.

ಅವತ್ತು ಉಗುಳಿದ ಟೀಯಲ್ಲಿ ಒಂದು ಕೆಂಪು ಎಳೆ ತೇಲಿತು. ಲಿಕ್ಕರ್ ಒಳ್ಳೆ ಬಣ್ಣಕ್ಕೆ ಬಂದಿದೆ ಅಂದುಕೊಂಡೆ. ಟೀಯ ಡಿಕಾಕ್ಷನ್‌ಗೆ ನಾವು ಲಿಕ್ಕರ್ ಅನ್ನುತ್ತೇವೆ, ಅದಕ್ಕೂ ನನ್ನ ಗಂಡನ ಹತ್ತಿರ ಒಂದು ತಮಾಷೆ ಇದೆ. ಎರಡನೇ ಕಪ್ ಉಗುಳಿದೆ. ಮತ್ತೆ ಕೆಂಪು. ನಾಲಿಗೆಯಿಂದ ಕೆಳಗಿನ ಮುಂದಿನ ಹಲ್ಲು ಮುಟ್ಟಿ ನೋಡಿದೆ.

ಹಲ್ಲು ಅಲ್ಲಾಡಿತು.

ನಲವತ್ತೇಳು ವರ್ಷದ ಹೆಂಗಸು ನಾನು. ಹಲ್ಲು ಅಲ್ಲಾಡುವುದು ಮಕ್ಕಳಿಗೆ, ಇಲ್ಲವೇ ಮುದುಕಿಯರಿಗೆ. ನಡುವೆ ಇರುವವರಿಗೆ ಹೀಗಾಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬಾಯಿ ಮುಕ್ಕಳಿಸಿ, ತೊಟ್ಟಿಗೆ ನೀರು ಬಿಟ್ಟು, ಉಳಿದ ಕಪ್‌ಗಳನ್ನೂ ಮುಗಿಸಿದೆ. ಎಲ್ಲದರಲ್ಲೂ ಕಬ್ಬಿಣದ ರುಚಿ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಟೇಸ್ಟರ್‌ಗೆ ಬಾಯಿ ಸರಿಯಿಲ್ಲ ಅಂದರೆ ಡ್ರೈವರ್‌ಗೆ ಕಣ್ಣು ಕಾಣಿಸುವುದಿಲ್ಲ ಅಂದ ಹಾಗೆ. ಮಾರನೇ ದಿನ ಆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಮನೆಗೆ ಬಂದು ಮಾಮಿಗೆ ಮಾತ್ರ ಹೇಳಿದೆ. ಮಾಮಿ ಅಂದರೆ ನಮ್ಮತ್ತೆ. ಗುಂಡ್ಲುಪೇಟೆ ಕಡೆಯಿಂದ ಹುಬ್ಬತಲೈಗೆ ಸೊಸೆಯಾಗಿ ಬಂದಾಗ ಅತ್ತೆ ಅಂತಿದ್ದೆ, ಇಲ್ಲಿಯವರ ಬಾಯಲ್ಲಿ ಮಾಮಿ ಕೇಳಿ ಕೇಳಿ ಅದೇ ಅಂಟಿಕೊಂಡಿತು. ಎಪ್ಪತ್ತು ದಾಟಿದ್ದಾರೆ, ಇವತ್ತಿಗೂ ನಮ್ಮ ತೋಟಕ್ಕೆ ಹೋಗಿ ಫ್ಯಾಕ್ಟರಿಗೆ ಎಲೆ ಕೀಳುತ್ತಾರೆ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಹಣೆ ತುಂಬ ವಿಭೂತಿ, ಆಮೇಲೆ ತೋಟ. ಅವರ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮದ್ದು. ನೀಲಗಿರಿ ಎಣ್ಣೆ. ತಲೆನೋವಿಗೆ, ಮಂಡಿಗೆ, ಶೀತಕ್ಕೆ, ಜಿಗಣೆ ಕಚ್ಚಿದರೆ, ಬಸ್ಸಲ್ಲಿ ವಾಂತಿ ಬಂದರೆ, ಎಲ್ಲಕ್ಕೂ ಅದೇ. ಬಾಟಲಿ ಯಾವಾಗಲೂ ಸೊಂಟದಲ್ಲಿ ಇರುತ್ತದೆ.

"ಹತ್ತಿಗೆ ಎರಡು ತೊಟ್ಟು ಹಾಕಿ ವಸಡಿಗೆ ಒತ್ತಿಕೋ. ರಕ್ತ ಕಟ್ಟುತ್ತೆ" ಅಂದರು.

ಇಲ್ಲಿ ನನ್ನ ಬುದ್ಧಿಗೆ ಏನಾಗಿತ್ತೋ ಗೊತ್ತಿಲ್ಲ. ಟೇಸ್ಟರ್ ಆದ ಮೇಲೆ ನಾನು ಉಪ್ಪಿನಕಾಯಿ ಬಿಟ್ಟವಳು, ಹಸಿ ಈರುಳ್ಳಿ ಬಿಟ್ಟವಳು. ಮದುವೆಗೆ ಹೋದರೂ ಮಲ್ಲಿಗೆ ಮುಡಿಯುವುದಿಲ್ಲ, ಮಾರನೇ ದಿನಕ್ಕೆ ಮೂಗು ಕೆಡುತ್ತದೆ ಅಂತ. ಅಂಥವಳು ನೀಲಗಿರಿ ಎಣ್ಣೆಯನ್ನು ಬಾಯೊಳಗೇ ಹಚ್ಚಿಕೊಂಡೆ. ಇಲ್ಲಿ ಅದು ಮದ್ದು ಅಂತ ಯಾರಿಗೂ ಅನ್ನಿಸುವುದೇ ಇಲ್ಲ, ಗಾಳಿಯ ಹಾಗೆ ಮನೆಯಲ್ಲಿ ಇರುತ್ತದೆ. ಮೊದಲು ಕಣ್ಣಲ್ಲಿ ನೀರು ಬರುವಷ್ಟು ಉರಿ. ಆಮೇಲೆ ಜೋಮು. ನೋವಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ. ಮೊದಮೊದಲು ಮಲಗುವಾಗ ಮಾತ್ರ ಹಚ್ಚುತ್ತಿದ್ದೆ. ಆಮೇಲೆ ಬೆಳಿಗ್ಗೆ ಹಲ್ಲುಜ್ಜಿದ ಮೇಲೂ ಶುರುವಾಯಿತು.

ಕೆಲವು ವಾರ ಹೀಗೆ ಹೋಯಿತು. ಒಂದು ಬೆಳಿಗ್ಗೆ ಮೊದಲ ಕಪ್ ಎಳೆದೆ. ನೀಲಗಿರಿ ವಾಸನೆ. ಎರಡನೆಯದು, ಅದರಲ್ಲೂ. ಮೂರು, ನಾಲ್ಕು, ಸಾಲಿನ ಕೊನೆಯವರೆಗೂ ಅದೇ.

ಟೀ ಎಲೆಗೆ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಅಂಟಿಕೊಳ್ಳುತ್ತದೆ. ನಮ್ಮ ಡ್ರೈಯರ್ ಓಡುವುದು ನೀಲಗಿರಿ ಮರದ ಸೌದೆಯಲ್ಲಿ. ಹೀಟರ್ ಟ್ಯೂಬು ಎಲ್ಲಾದರೂ ಬಿರುಕು ಬಿಟ್ಟರೆ ಹೊಗೆ ಟೀಗೆ ಸೇರುತ್ತದೆ, ಇಡೀ ಮಾಲು ಹಾಳು. ನಾನು ಚಮಚ ಕೆಳಗಿಟ್ಟು ರಾಜಣ್ಣನನ್ನು ಕರೆದೆ. ಫ್ಯಾಕ್ಟರಿ ಅವರದೇ. ನಮ್ಮ ಯಜಮಾನರ ದೊಡ್ಡಪ್ಪನ ಮಗ, ನನಗೆ ಭಾವ.

"ಭಾವ, ಎಲ್ಲ ಬ್ಯಾಚಲ್ಲೂ ಟೇಂಟ್ ಇದೆ. ಡ್ರೈಯರ್ ಲೀಕ್ ಆಗ್ತಿದೆ."

ಟೇಂಟ್ ಅಂದರೆ ಟೀಗೆ ಸೇರಿದ ಹೊರಗಿನ ವಾಸನೆ. ಅಷ್ಟು ಹೇಳಿದ್ದೇ ತಡ. ಲೋಡಾಗುತ್ತಿದ್ದ ಲಾರಿ ನಿಂತಿತು. ಡ್ರೈಯರ್ ಆರಿಸಿದರು. ಅದು ತಣ್ಣಗಾಗುವವರೆಗೆ ಎಲ್ಲರೂ ಕೈ ಕಟ್ಟಿ ಕೂತರು. ಆಮೇಲೆ ಡ್ರೈಯರ್ ನೋಡಿಕೊಳ್ಳುವ ಸೆಲ್ವಂ ಟಾರ್ಚ್ ಹಿಡಿದು ಒಳಗೆ ತೂರಿ ಒಂದೊಂದು ಟ್ಯೂಬನ್ನೂ ತಟ್ಟಿ ನೋಡಿದ. ಸೌದೆ ರಾಶಿ ಕೆಡವಿದರು. ಗೋಣಿ ಮೂಸಿದರು. ವಾಚ್‌ಮನ್ ಹಚ್ಚಿಕೊಂಡಿದ್ದ ತಲೆ ಎಣ್ಣೆಯನ್ನೂ ಮೂಸಿದರು. ಏನೂ ಸಿಗಲಿಲ್ಲ. ಸಾಯಂಕಾಲದ ಹೊತ್ತಿಗೆ ಮೈಯೆಲ್ಲ ಮಸಿ ಮಾಡಿಕೊಂಡು ಸೆಲ್ವಂ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ರಾಜಣ್ಣ ಟೇಸ್ಟಿಂಗ್ ರೂಮಿಗೆ ಬಂದರು. ನನ್ನ ಪಕ್ಕ ನಿಂತು ಒಂದು ಕಪ್ ಕುಡಿದರು. ಇನ್ನೊಂದು ಕುಡಿದರು. "ಇದರಲ್ಲೇನೂ ಇಲ್ಲವಲ್ಲ" ಅಂದರು. ನಾನು ಸಿಟ್ಟಿನಿಂದ, "ಸರಿಯಾಗಿ ನೋಡಿ ಭಾವ, ಇಷ್ಟು ಜೋರಾಗಿದೆ" ಅಂತ ಅವರ ಮುಖದ ಹತ್ತಿರ ಬಾಗಿ ಹೇಳಿದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಗಿರಿಜಾ, ಎಲ್ಲಿ, ಆ ಅನ್ನು."

ಅಂದೆ.

ರಾಜಣ್ಣ ಕಣ್ಣು ಮುಚ್ಚಿಕೊಂಡು ಮೂಗಿಗೆ ಕೈ ಅಡ್ಡ ಹಿಡಿದರು. ನಗಬೇಕೋ ಬೈಯಬೇಕೋ ಅವರಿಗೆ ತಿಳಿಯಲಿಲ್ಲ ಅಂತ ಕಾಣುತ್ತದೆ. ನನಗಂತೂ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊರಗೆ ಸೆಲ್ವಂಗೆ ವಿಷಯ ಗೊತ್ತಾಗಿ ಅವನು ಸೌದೆ ರಾಶಿಯ ಮೇಲೆ ಕೂತು ನಕ್ಕದ್ದು ಒಳಗೆ ಕೇಳಿಸಿತು. ರಾಜಣ್ಣ ಬಾಯೊಳಗೆ ಏನಾಗಿದೆ ಅಂತ ಕೇಳಿದರು. ಎಲ್ಲ ಹೇಳಿದೆ. ರಕ್ತ, ಅಲ್ಲಾಡುವ ಹಲ್ಲು, ಎಣ್ಣೆ. ಅವರ ನಗು ಹೋಯಿತು.

"ಮೊದಲು ಡಾಕ್ಟರ್‌ಗೆ ತೋರಿಸು. ಅಲ್ಲಿವರೆಗೆ ಸ್ಯಾಂಪಲ್ ಹೊರಗಿನ ಟೇಸ್ಟರ್‌ಗೆ ಕಳಿಸ್ತೀನಿ. ಚಮಚ ಇಲ್ಲಿ ಇಟ್ಟು ಹೋಗು."

ಆ ಚಮಚ ನನಗೆ ಈ ಕೆಲಸ ಕಲಿಸಿದ ಹಳೇ ಟೇಸ್ಟರ್ ರಿಟೈರ್ ಆಗುವಾಗ ಕೊಟ್ಟದ್ದು. ರಾಜಣ್ಣ ಅದನ್ನು ಒರೆಸಿ ಮೇಜಿನ ಡ್ರಾಯರಿಗೆ ಹಾಕಿದರು. ಡ್ರಾಯರ್ ಮುಚ್ಚಿದ ಸದ್ದಿಗೆ ನನಗೆ ಅಳು ಬಂತು. ಅಳಲಿಲ್ಲ. ಬಸ್ಸು ಹತ್ತಿದ ಮೇಲೆ ಅತ್ತುಬಿಟ್ಟೆ.

ಕೂನೂರಿನಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ವಸಡಿನ ಸ್ಪೆಷಲಿಸ್ಟ್. ಬೆಟ್ಟದ ಕೆಳಗಿನ ಊರಿನಿಂದ ಬಂದವರು, ಚಿಕ್ಕ ವಯಸ್ಸು, ಮಾತು ತಮಿಳಿನಲ್ಲಿ. ನಮ್ಮ ಯಜಮಾನರು ರಜ ಹಾಕಿ ಬಂದಿದ್ದರು. ನಾನು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದೆ. ಡಾಕ್ಟರಮ್ಮ ಮಾಸ್ಕ್ ಹಾಕಿಕೊಂಡಿದ್ದರೂ ಹುಬ್ಬು ಮೇಲೆ ಹೋಯಿತು.

"ನೀಲಗಿರಿ ಎಣ್ಣೆಯಾ?"

ತಲೆಯಾಡಿಸಿದೆ.

"ಇಲ್ಲಿ ಬರುವವರಲ್ಲಿ ಲವಂಗದ ಎಣ್ಣೆ ಹಚ್ಚಿ ಬರುವವರನ್ನ ನೋಡಿದ್ದೀನಿ. ಇದನ್ನ ಇಷ್ಟು ದಿನ ತಡ್ಕೊಂಡವರು ನೀವೇ."

ನಮ್ಮ ಯಜಮಾನರು ಮೂಲೆಯಲ್ಲಿ ಕೂತು, "ಅವಳ ಬಾಯಿ ಗಟ್ಟಿ ಡಾಕ್ಟರ್" ಅಂದರು. ಬಾಯಿ ತೆರೆದಿದ್ದರಿಂದ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಆ ಹೊತ್ತು ನೋಡಿ ಹೇಳಿದ್ದು.

ತೆಳ್ಳಗಿನ ಒಂದು ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸುತ್ತ ಅವರು ಅಸಿಸ್ಟೆಂಟ್‌ಗೆ ನಂಬರು ಹೇಳುತ್ತ ಹೋದರು. ಹಲ್ಲು ಬಿಟ್ಟ ವಸಡಿನ ಆ ಸಂದಿಗೆ ಪಾಕೆಟ್ ಅನ್ನುತ್ತಾರೆ, ಆಳ ಮೂರು ಮಿಲಿಮೀಟರಿನೊಳಗೆ ಇದ್ದರೆ ಸರಿಯಂತೆ. ನನಗೆ ಐದು, ಆರು ಕೇಳಿಸುತ್ತಿತ್ತು. ಮುಂದಿನ ಹಲ್ಲಿಗೆ ಬಂದಾಗ ಏಳು ಅಂದರು. ಎಕ್ಸ್-ರೇ ತೆಗೆದು ತೋರಿಸಿದರು. ಹಲ್ಲು ಹಿಡಿದುಕೊಂಡಿರುವ ಮೂಳೆ ಅಲ್ಲಲ್ಲಿ ತಗ್ಗಿತ್ತು, ಮಳೆಗೆ ಮಣ್ಣು ಜರಿದು ಟೀ ಗಿಡದ ಬೇರು ಕಾಣುವ ಹಾಗೆ. ಇದಕ್ಕೆ ಪೆರಿಯೊಡಾಂಟೈಟಿಸ್ ಅಂತ ಹೆಸರು. ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ, ನೋವು ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿಸಿರುತ್ತದೆ ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ನನ್ನ ರುಚಿ ವಾಪಸ್ ಬರುತ್ತಾ?"

"ಮೊದಲು ಇದನ್ನ ನೋಡಿ" ಅಂದರು ಡಾಕ್ಟರಮ್ಮ. ಕನ್ನಡಿ ಹಿಡಿದು ನನ್ನ ಕೆಳತುಟಿ ಮಡಚಿ ಒಳಗೆ ತೋರಿಸಿದರು. ವಸಡಿನ ಮೇಲೆ, ಕೆನ್ನೆಯ ಒಳಗೆ, ಬೆಳ್ಳಗೆ ಹಾಲಿನ ಕೆನೆ ಕಟ್ಟಿದ ಹಾಗೆ ಇತ್ತು.

"ಇದು ಎಣ್ಣೆಯಿಂದ ಸುಟ್ಟದ್ದು ಇರಬೇಕು. ಎಣ್ಣೆ ನಿಲ್ಲಿಸಿ. ಎರಡು ವಾರದಲ್ಲಿ ಹೋಗಬೇಕು. ಹೋಗದೆ ಉಳಿದರೆ ತೆಗೆದು ಬಯಾಪ್ಸಿಗೆ ಕಳಿಸೋಣ."

ಬಯಾಪ್ಸಿ.

ಆ ಮಾತು ಕೇಳಿದ ಮೇಲೆ ಅವರು ಹೇಳಿದ ಬೇರೆ ಏನೂ ನನ್ನ ತಲೆಗೆ ಹೋಗಲಿಲ್ಲ. ಹೊರಗೆ ಬಂದ ಮೇಲೆ ಯಜಮಾನರು ಎಲ್ಲ ಮತ್ತೆ ಹೇಳಿದರು. ತಮಾಷೆ ಮಾಡಲಿಲ್ಲ. ಅವರು ತಮಾಷೆ ಮಾಡದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ನೀಲಗಿರಿ ಎಣ್ಣೆಯ ಬಾಟಲಿಗಳನ್ನು ಹುಡುಕಿದ್ದು. ಅಡುಗೆಮನೆಯಲ್ಲಿ ಒಂದು, ದೇವರ ಗೂಡಿನ ಹಿಂದೆ ಒಂದು, ಹೊಲಿಗೆ ಮೆಷಿನ್ ಡಬ್ಬಿಯಲ್ಲಿ ಒಂದು. ಮಾಮಿಯ ಸೊಂಟದ್ದು ಒಂದು. "ಇನ್ನು ಇದು ಮನೆಯೊಳಗೆ ಬರಕೂಡದು" ಅಂದೆ. ಮಾಮಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಒಪ್ಪಿದ್ದಾರೆ ಅಂತ ಅರ್ಥವಲ್ಲ. ಇಷ್ಟು ವರ್ಷವಾದರೂ ನನಗೆ ಅದು ಸಮಯಕ್ಕೆ ನೆನಪಿಗೆ ಬರುವುದಿಲ್ಲ.

ಚಿಕಿತ್ಸೆ ಶುರುವಾಯಿತು. ಲೇಸರ್ ಇದೆ ಅಂತ ಡಾಕ್ಟರಮ್ಮ ಹೇಳಿದಾಗ, ಹೋದ ತಕ್ಷಣ ಬೆಳಕು ಬಿಟ್ಟು ವಾಸಿ ಮಾಡಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಅಷ್ಟು ಸುಲಭವಲ್ಲ. ಮೊದಲು ಕೈಯಿಂದಲೇ ಕ್ಲೀನಿಂಗ್. ಬಾಯಿಯ ಒಂದು ಪಕ್ಕ ಒಂದು ಸಲ, ಇನ್ನೊಂದು ಪಕ್ಕ ಇನ್ನೊಂದು ಸಲ. ಮರಗಟ್ಟಿಸಿ, ವಸಡಿನ ಒಳಗೆ ಬೇರಿನವರೆಗೂ ಕೆರೆದು, ಕಲ್ಲಿನಂತೆ ಕಟ್ಟಿದ್ದನ್ನೆಲ್ಲ ಕಿತ್ತರು. ಆ ಸದ್ದು ತಲೆಬುರುಡೆಯಲ್ಲಿ ಕೇಳುತ್ತದೆ. ಮನೆಗೆ ಬಂದರೆ ತಣ್ಣಗಿನ ಗಂಜಿ, ಮಾಮಿ ನುಣ್ಣಗೆ ಮಸೆದು ಕೊಟ್ಟ ಅವರೆ ಉದಕ, ಅಂದರೆ ಇಲ್ಲಿಯ ಸಾರು. ಹಿಟ್ಟನ್ನು, ಅಂದರೆ ಮುದ್ದೆಯನ್ನು, ಅವರು ನನಗಾಗಿ ಇನ್ನಷ್ಟು ಮೆತ್ತಗೆ ಮಾಡುತ್ತಿದ್ದರು. ಮಾಡಿಟ್ಟು, ನಾನು ನುಂಗುವವರೆಗೂ ಎದುರಿಗೆ ಕೂತು ನೋಡುತ್ತಿದ್ದರು.

ಎರಡು ವಾರಕ್ಕೆ ಬಿಳಿ ಕೆನೆ ಬಹುಪಾಲು ಹೋಯಿತು. ವಸಡು ಗುಲಾಬಿ ಬಣ್ಣಕ್ಕೆ ತಿರುಗಿತು. ನನಗೆ ಕುಣಿಯುವಷ್ಟು ಖುಷಿ.

ಒಂದು ಕಡೆ ಮಾತ್ರ ಉಳಿದಿತ್ತು.

ಮುಂದಿನ ಹಲ್ಲಿನ ಕೆಳಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಡಾಕ್ಟರಮ್ಮ ಗಾಜ್ ಬಟ್ಟೆಯಿಂದ ಒರೆಸಿ ನೋಡಿದರು. ಹೋಗಲಿಲ್ಲ. "ಲೇಸರ್‌ನಲ್ಲಿ ಪಾಕೆಟ್ ಕ್ಲೀನ್ ಮಾಡುವ ದಿನವೇ ಇದನ್ನೂ ತೆಗೆದು ಲ್ಯಾಬಿಗೆ ಕಳಿಸ್ತೀನಿ" ಅಂದರು. ನನ್ನ ಮುಖ ನೋಡಿ ಕೈ ಹಿಡಿದು, "ಪಯಪ್ಪಡಾದೀಂಗ ಅಕ್ಕ" ಅಂದರು. ಹೆದರಬೇಡಿ ಅಂತ. ಹೆದರಿಕೆ ಹೇಳಿದರೆ ಹೋಗುವ ವಸ್ತುವೇ ಅಲ್ಲ, ಆದರೂ ಅಕ್ಕ ಅಂದದ್ದು ಹಿತವಾಯಿತು.

ಆ ದಿನ ಬಂತು. ನಾನು ಹೆದರಿಕೊಂಡೇ ಹೋದೆ ಅಂತ ಬರೆಯಬೇಕು, ಆದರೆ ಸುಳ್ಳು ಯಾಕೆ ಹೇಳಲಿ, ಕುತೂಹಲ ಹೆದರಿಕೆಗಿಂತ ಜಾಸ್ತಿ ಇತ್ತು. ರೂಮಿನಲ್ಲಿದ್ದ ಎಲ್ಲರಿಗೂ ಬಣ್ಣದ ಕನ್ನಡಕ. ಡಾಕ್ಟರಮ್ಮನಿಗೆ, ಅಸಿಸ್ಟೆಂಟ್‌ಗೆ, ನನಗೆ. ಯಜಮಾನರು ನೋಡಬೇಕು ಅಂತ ಹಟ ಹಿಡಿದದ್ದಕ್ಕೆ ಅವರಿಗೂ ಒಂದು ಹಾಕಿ ಮೂಲೆಯಲ್ಲಿ ಕೂರಿಸಿದರು. ಸಿನಿಮಾದ ಹಳೇ ವಿಲನ್ ಥರ ಇದ್ದರು. ಬಾಯಿ ಮರಗಟ್ಟಿದ್ದರಿಂದ ಹೇಳಲಾಗಲಿಲ್ಲ, ಹೇಳಬೇಕಾದ್ದನ್ನೆಲ್ಲ ಕೂಡಿಟ್ಟುಕೊಂಡೆ.

ಮೆಷಿನ್ ಅಂದರೆ ದೊಡ್ಡದೇನೋ ಇರುತ್ತದೆ ಅಂದುಕೊಂಡಿದ್ದೆ. ನಮ್ಮ ಮಿಕ್ಸಿಯಷ್ಟೂ ಇಲ್ಲ. ಅದರಿಂದ ಒಂದು ವೈರು, ವೈರಿನ ತುದಿಗೆ ಪೆನ್ನು, ಪೆನ್ನಿನ ತುದಿಗೆ ಕೂದಲಿನಂಥ ಒಂದು ಎಳೆ. ತುದಿಯಲ್ಲಿ ಕೆಂಪು ಚುಕ್ಕೆ. ಕತ್ತರಿಸುವ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಕೆಂಪು ಚುಕ್ಕೆ ಗುರಿ ತೋರಿಸುವುದಕ್ಕೆ ಅಂತ ಡಾಕ್ಟರಮ್ಮ ಹೇಳಿದರು. ಕಾಣದ ಬೆಳಕು ನನ್ನ ಬಾಯೊಳಗೆ ಹೋಗಿ ಕೆಲಸ ಮಾಡುತ್ತದೆ ಅಂದರೆ ಮೈ ಜುಮ್ ಅನ್ನದೆ ಇರುತ್ತದೆಯೇ.

ಮೊದಲು ಬಿಳಿ ಮಚ್ಚೆ. "ಸುತ್ತ ಸ್ವಲ್ಪ ಅಂಚು ಬಿಟ್ಟು ತೆಗೀತೀನಿ. ಲ್ಯಾಬಿನವರಿಗೆ ನೋಡೋಕೆ ಚೆನ್ನಾಗಿರೋ ತುಂಡು ಬೇಕು" ಅಂದರು. ಟಿಕ್ ಟಿಕ್ ಅಂತ ಸಣ್ಣ ಸದ್ದು. ನೋವಿಲ್ಲ. ಸಕ್ಷನ್ ಪೈಪು ಪಕ್ಕದಲ್ಲಿ ಗುಯ್‌ಗುಡುತ್ತಿತ್ತು. ಆಗ ಒಂದು ವಾಸನೆ ಬಂತು. ಬಹಳ ಸಣ್ಣದು. ಸುಟ್ಟ ವಾಸನೆ, ಆದರೆ ಕೂದಲು ಸುಟ್ಟದ್ದಲ್ಲ, ಹೊಗೆಯದಲ್ಲ. ನನಗೆ ಗೊತ್ತಿರುವ ವಾಸನೆ. ಡ್ರೈಯರ್ ಸ್ವಲ್ಪ ಜಾಸ್ತಿ ಬಿಸಿಯಾದಾಗ ಬ್ಯಾಚಿನ ಅಂಚಿನಲ್ಲಿ ಬರುತ್ತದಲ್ಲ, ಅದರ ಅಕ್ಕತಂಗಿ.

ನಾನು ಕೈ ಎತ್ತಿದೆ. ಡಾಕ್ಟರಮ್ಮ ಗಾಬರಿಯಾಗಿ ನಿಲ್ಲಿಸಿದರು. "ನೋವಾಯ್ತಾ?"

ತೊದಲುತ್ತ ಹೇಳಿದೆ. "ಹೈ ಫೈರ್ಡ್."

ಅವರಿಗೆ ಅರ್ಥವಾಗಲಿಲ್ಲ. ಮೂಲೆಯಿಂದ ಯಜಮಾನರು, "ಟೀ ಭಾಷೆ ಡಾಕ್ಟರ್. ಸೀದ ವಾಸನೆ ಬರ್ತಿದೆ ಅಂತ ಗ್ರೇಡ್ ಹಾಕ್ತಿದ್ದಾಳೆ" ಅಂದರು. ಡಾಕ್ಟರಮ್ಮ ಮಾಸ್ಕಿನ ಹಿಂದೆ ನಕ್ಕದ್ದು ಭುಜ ಅಲ್ಲಾಡಿದ್ದರಿಂದ ತಿಳಿಯಿತು. ನನಗೋ ಒಳಗೊಳಗೇ ಹಬ್ಬ. ವಾಸನೆ ಗೊತ್ತಾಯಿತಲ್ಲ. ಅಷ್ಟು ಸಣ್ಣ ವಾಸನೆ, ಕಬ್ಬಿಣದ ರುಚಿ ಇಲ್ಲದೆ, ನೀಲಗಿರಿ ಇಲ್ಲದೆ, ಸ್ವಚ್ಛವಾಗಿ ಗೊತ್ತಾಯಿತು. ಎಷ್ಟೋ ವಾರದಿಂದ ನನ್ನ ಮೂಗು ಇಂಥದ್ದೊಂದನ್ನು ಹಿಡಿದಿರಲಿಲ್ಲ.

ಆಮೇಲೆ ಪಾಕೆಟ್‌ಗಳು. ಒಂದೊಂದು ಹಲ್ಲಿನ ಸುತ್ತ ಆ ಎಳೆಯನ್ನು ಇಳಿಸಿ, ಗುಡಿಸಿದ ಹಾಗೆ ಆಡಿಸಿ ತೆಗೆದರು. ಒಳಗಿನ ಕೊಳೆತ ಪದರ ಹೋಗುತ್ತದೆ, ಕೀಟಾಣು ಕಮ್ಮಿಯಾಗುತ್ತದೆ, ರಕ್ತ ಅಲ್ಲೇ ಕಟ್ಟುತ್ತದೆ ಅಂತ ವಿವರಿಸಿದರು. ಮುಗಿದಾಗ ಬಾಯಿ ಮುಕ್ಕಳಿಸಲು ಹೇಳಿದರು. ತೊಟ್ಟಿಗೆ ಉಗುಳಿದೆ. ಬಗ್ಗಿ ನೋಡಿದೆ. ಉಗುಳಿದ್ದನ್ನು ನೋಡುವುದು ನನಗೆ ಅಭ್ಯಾಸ.

ನೀರಿನಲ್ಲಿ ರಕ್ತ ಇಲ್ಲವೆನ್ನುವಷ್ಟು ತಿಳಿ.

ಹೊಲಿಗೆಯೂ ಇಲ್ಲ. ಕತ್ತಿ, ದಾರ, ಬಾಯಿ ತುಂಬ ಹತ್ತಿ, ಇವನ್ನೆಲ್ಲ ಎಣಿಸಿಕೊಂಡು ಹೋಗಿದ್ದವಳು ಕೆನ್ನೆ ಊದಿಸಿಕೊಳ್ಳದೆ ಎದ್ದು ನಿಂತೆ. ನಾನು ಕುಣಿದುಬಿಡುತ್ತೇನೆ ಅಂತ ಅನ್ನಿಸಿತೋ ಏನೋ, ಡಾಕ್ಟರಮ್ಮ ಕೂರಿಸಿಕೊಂಡು ಬುದ್ಧಿ ಹೇಳಿದರು. "ಲೇಸರ್ ಮಂತ್ರ ಅಲ್ಲ ಅಕ್ಕ. ಅರ್ಧ ಕೆಲಸ ನಾವು ಮೊದಲು ಕೈಯಲ್ಲಿ ಮಾಡಿದ ಕ್ಲೀನಿಂಗ್. ಇನ್ನರ್ಧ ನೀವು ದಿನಾ ಹಲ್ಲಿನ ಸಂದಿ ಕ್ಲೀನ್ ಮಾಡೋದು. ಹೋದ ಮೂಳೆ ಹಾಗೇ ಪೂರ್ತಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಬೇಕು." ಸಂದಿ ಉಜ್ಜುವ ಚಿಕ್ಕ ಬ್ರಷ್ ಕೊಟ್ಟು, ಕನ್ನಡಿ ಮುಂದೆ ನನ್ನಿಂದಲೇ ಮಾಡಿಸಿ ನೋಡಿದರು. ಶಾಲೆಯ ಮಗುವಿನ ಹಾಗೆ ತಪ್ಪು ಮಾಡಿ ತಿದ್ದಿಸಿಕೊಂಡೆ.

ರಿಪೋರ್ಟ್ ಬರುವವರೆಗೆ ಕಾದೆವು. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲಾರೆ. ತೋಟಕ್ಕೆ ಹೋಗಿ ಮಾಮಿಯ ಪಕ್ಕ ಎಲೆ ಕಿತ್ತೆ. ಕೈ ಕೆಲಸ ಮಾಡುತ್ತಿತ್ತು, ನಾಲಿಗೆ ಮಾತ್ರ ಮತ್ತೆ ಮತ್ತೆ ಆ ಗಾಯದ ಜಾಗಕ್ಕೆ ಹೋಗುತ್ತಿತ್ತು. ಮಾಮಿ ದಿನವೂ ಲಿಂಗಪೂಜೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರತೊಡಗಿದರು. ಒಂದು ದಿನ ಎಲೆ ಕೀಳುತ್ತ ಕೀಳುತ್ತ ನನ್ನ ಕಡೆ ನೋಡದೆ, "ನಾನು ಹೇಳಿದ್ದಕ್ಕೆ ತಾನೇ ನೀನು ಹಚ್ಚಿದ್ದು" ಅಂದರು.

"ನನಗೆ ಬುದ್ಧಿ ಇರಲಿಲ್ಲವಾ ಮಾಮಿ? ಬಿಡಿ" ಅಂದೆ.

ಅವರು ಬಿಡಲಿಲ್ಲ ಅಂತ ಅವರ ಕೈ ನೋಡಿದರೆ ಗೊತ್ತಾಗುತ್ತಿತ್ತು. ಬಲಿತ ಎಲೆಯನ್ನೂ ಸೇರಿಸಿ ಕೀಳುತ್ತಿದ್ದರು.

ರಿಪೋರ್ಟ್ ಬಂತು. ಡಾಕ್ಟರಮ್ಮನೇ ಫೋನ್ ಮಾಡಿದರು. ನಾನು ಮೆಟ್ಟಿಲ ಮೇಲೆ ಕೂತು ಎತ್ತಿಕೊಂಡೆ.

ಏನೂ ಇಲ್ಲ.

ಉರಿಗೆ, ಉಜ್ಜಾಟಕ್ಕೆ ಚರ್ಮ ದಪ್ಪವಾಗಿದೆ, ಅಷ್ಟೇ. ಕೆಟ್ಟದ್ದರ ಗುರುತು ಇಲ್ಲ. ಆದರೂ ಆಗಾಗ ಬಂದು ತೋರಿಸಬೇಕು. ಫೋನ್ ಕೆಳಗಿಟ್ಟು ನಾನು ಅತ್ತದ್ದು ನೋಡಿ ಮಾಮಿ ತಪ್ಪು ತಿಳಿದುಕೊಂಡು ಎದೆ ಹಿಡಿದುಕೊಂಡರು. "ಒಳ್ಳೇದು ಮಾಮಿ, ಒಳ್ಳೇದು" ಅಂತ ಅವರನ್ನು ಹಿಡಿದು ಅಲ್ಲಾಡಿಸಬೇಕಾಯಿತು. ಯಜಮಾನರಿಗೆ ಕುಂದಾಕ್ಕೆ ಫೋನ್ ಮಾಡಿದೆ. ಆ ಕಡೆ ಮೆಷಿನ್ ಸದ್ದಿನ ನಡುವೆ ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಹಾಗಾದ್ರೆ ಇನ್ನೂ ನಲವತ್ತು ವರ್ಷ ಈ ಬಾಯಿ ಕೇಳ್ಬೇಕು ನಾನು" ಅಂದರು. ನಾನು ಕೂಡಿಟ್ಟಿದ್ದ ವಿಲನ್ ಕನ್ನಡಕದ ಮಾತನ್ನು ಆಗ ಹೇಳಿದೆ.

ಹಲ್ಲು ನಿಧಾನವಾಗಿ ಬಿಗಿಯಾಯಿತು. ಪೂರ್ತಿ ಅಲ್ಲ, ಆದರೆ ನಾಲಿಗೆ ಮುಟ್ಟಿದರೆ ಓಡುವುದಿಲ್ಲ. ಮತ್ತೆ ಅಳೆದಾಗ ಏಳಿದ್ದದ್ದು ನಾಲ್ಕಕ್ಕೆ ಬಂದಿತ್ತು. ಡಾಕ್ಟರಮ್ಮ ಬಿಸಿ ಟೀ ಕುಡಿಯಬಹುದು ಅಂದರು. ಮಾರನೇ ಬೆಳಿಗ್ಗೆಯೇ ನಾನು ಫ್ಯಾಕ್ಟರಿಯಲ್ಲಿದ್ದೆ.

ರಾಜಣ್ಣ ಡ್ರಾಯರಿನಿಂದ ಚಮಚ ತೆಗೆದು ಕೊಟ್ಟರು. ಆದರೆ ಹೊರಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತರು. ಸೆಲ್ವಂ ಕೂಡ ಏನೋ ಕೆಲಸ ಇದ್ದವನ ಹಾಗೆ ಬಂದು ನಿಂತ. ಇದು ಪರೀಕ್ಷೆ ಅಂತ ನನಗೆ ಗೊತ್ತಿತ್ತು.

ಮೊದಲ ಕಪ್ ಎಳೆದೆ. ಅಬ್ಬಾ, ಟೀ ರುಚಿ. ಬರೀ ಟೀ ರುಚಿ. ಹಸುರು, ಚುರುಕು, ಹಿಂದೆ ಒಂದಿಷ್ಟು ಹೂವಿನ ಹಾಗೆ. ಉಗುಳಿದೆ, ತೊಟ್ಟಿ ನೋಡಿದೆ, ಕೆಂಪಿಲ್ಲ. ಎರಡನೆಯದು ಸ್ವಲ್ಪ ಸಪ್ಪೆ. ಹೇಳಿದೆ. ರಾಜಣ್ಣ ತಲೆಯಾಡಿಸಿದರು. ಮೂರನೆಯದು ಎಳೆದೆ.

ನೀಲಗಿರಿ ವಾಸನೆ.

ಜೀವ ಬಾಯಿಗೆ ಬಂತು. ನೀರು ಮುಕ್ಕಳಿಸಿ ಮತ್ತೆ ಎಳೆದೆ. ಇದೆ. ತೆಳ್ಳಗೆ, ಕೊನೆಯಲ್ಲಿ, ಇದ್ದೇ ಇದೆ. ನಾಲ್ಕನೆಯದು ನೋಡಿದೆ, ಅದರಲ್ಲಿ ಇಲ್ಲ. ಐದನೆಯದರಲ್ಲಿ ಇಲ್ಲ. ಮೂರಕ್ಕೆ ವಾಪಸ್ ಬಂದೆ. ಇದೆ. ಸುಮ್ಮನಿದ್ದುಬಿಡಬಹುದಿತ್ತು. ಒಂದು ಬ್ಯಾಚು, ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಇವಳ ಬಾಯಿ ಇನ್ನೂ ಸರಿಹೋಗಿಲ್ಲ ಅಂತ ಚಮಚ ಮತ್ತೆ ಡ್ರಾಯರಿಗೆ ಹೋಗುತ್ತದೆ. ಆದರೆ ಗೊತ್ತಾಗಿದ್ದನ್ನು ಹೇಳದಿದ್ದರೆ ನಾನು ಆ ಕುರ್ಚಿಯಲ್ಲಿ ಕೂತು ಮಾಡುವುದಾದರೂ ಏನು?

"ಭಾವ, ಮೂರನೇ ಬ್ಯಾಚಲ್ಲಿ ಟೇಂಟ್ ಇದೆ. ನೀಲಗಿರಿ."

ಸೆಲ್ವಂ "ಅಯ್ಯೋ ಅಕ್ಕಾ" ಅಂತ ತಲೆ ಮೇಲೆ ಕೈ ಇಟ್ಟುಕೊಂಡ. ರಾಜಣ್ಣ ಕಪ್ ತೆಗೆದುಕೊಂಡು ಕುಡಿದರು. ಇನ್ನೊಂದು ಗುಟುಕು ಕುಡಿದರು. "ನನಗೇನೂ ಗೊತ್ತಾಗ್ತಿಲ್ಲ ಗಿರಿಜಾ" ಅಂದರು. ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. ಅದೇ ನನಗೆ ತಡೆಯಲಾಗಲಿಲ್ಲ. ಬಾಯಿ ದೊಡ್ಡದಾಗಿ ತೆರೆದು ಅವರ ಮುಂದೆ ಹೋಗಿ ನಿಂತೆ. "ಮೂಸಿ ನೋಡಿ."

ಮೂಸಿದರು. ಪಾಪ, ಭಾವ. ನನ್ನ ಬಾಯಲ್ಲಿ ಟೀ ಬಿಟ್ಟರೆ ಏನೂ ಇರಲಿಲ್ಲ.

ಡ್ರೈಯರ್ ಆರಿಸಬೇಡಿ, ಮೇಲೆ ಎಲೆ ಬಾಡಿಸುವ ಟ್ರಫ್ ನೋಡಿ, ಒಂದೇ ಬ್ಯಾಚಲ್ಲಿ ಬಂದಿದೆ ಅಂದರೆ ಎಲೆಯ ಜೊತೆ ಬಂದಿರಬೇಕು ಅಂದೆ. ಸೆಲ್ವಂ ಹೋದ. ನಾನು ಮೂರನೇ ಕಪ್ಪನ್ನು ಬೇರೆ ಸರಿಸಿಟ್ಟೆ. ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಚಿಕ್ಕ ಬಾಟಲಿ ಇತ್ತು. ಟ್ರಫ್‌ನ ಮೂಲೆಯಲ್ಲಿ, ಜಾಲರಿಗೆ ಅಂಟಿಕೊಂಡು ಬಿದ್ದಿತ್ತಂತೆ. ಮುಚ್ಚಳ ಸಡಿಲ. ಖಾಲಿ. ನೀಲಗಿರಿ ಎಣ್ಣೆ.

ರಾಜಣ್ಣ ಒಮ್ಮೆ ಬಾಟಲಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಬಾಟಲಿಯ ಕತ್ತಿಗೆ ಕೆಂಪು ದಾರ ಸುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹಾಗೆ ದಾರ ಸುತ್ತುವವರು ಹುಬ್ಬತಲೈಯಲ್ಲಿ ಒಬ್ಬರೇ. ನಮ್ಮ ಮಾಮಿ. ನಾನು ಕಿತ್ತುಕೊಂಡ ಮೇಲೆ ಹೊಸದು ತಂದಿದ್ದಾರೆ. ಮನೆಯೊಳಗೆ ಬರಕೂಡದು ಅಂದೆನಲ್ಲ, ಅದಕ್ಕೆ ಮನೆಯೊಳಗೆ ತರಲಿಲ್ಲ. ಎಲೆ ಚೀಲದೊಳಗೆ ಇಟ್ಟುಕೊಂಡಿದ್ದಾರೆ. ಚೀಲ ತೂಕಕ್ಕೆ ಬಂದಿದೆ, ಎಲೆ ಟ್ರಫ್‌ಗೆ ಸುರಿದಿದ್ದಾರೆ. ಹಾಳಾದ ಬ್ಯಾಚಿಗೆ ಕಾರಣ ನಮ್ಮ ಮನೆಯದೇ ಎಲೆ.

ಮಾಲು ಕೆಟ್ಟದ್ದಕ್ಕೆ ಅಷ್ಟು ಖುಷಿಪಟ್ಟ ಟೇಸ್ಟರ್ ಎಲ್ಲಾದರೂ ಇದ್ದಾಳೋ ಇಲ್ಲವೋ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಹೇಳುವುದು ಕಷ್ಟ. ಸೆಲ್ವಂ ಬಾಟಲಿಯನ್ನು ಮೂಗಿಗೆ ಹಿಡಿದು, ಕಪ್ಪನ್ನು ಮೂಗಿಗೆ ಹಿಡಿದು, "ಇಷ್ಟು ಟೀಯೊಳಗೆ ಇಷ್ಟು ಎಣ್ಣೆ ಹೇಗೆ ಗೊತ್ತಾಯ್ತು ಅಕ್ಕಾ" ಅಂತ ಮತ್ತೆ ಮತ್ತೆ ಕೇಳಿದ. ರಾಜಣ್ಣ ಆ ಬ್ಯಾಚನ್ನು ಬೇರೆ ಇಡಲು ಹೇಳಿದರು. ಆಮೇಲೆ ಕುರ್ಚಿ ಎಳೆದು ನನ್ನ ಕಡೆ ಸರಿಸಿ, "ಕೂತ್ಕೋ. ಇನ್ನೂ ಅರ್ಧ ಸಾಲು ಇದೆ" ಅಂದರು.

ಸಾಯಂಕಾಲ ಮನೆಗೆ ಹೋದಾಗ ಮಾಮಿ ಒಲೆಯ ಮುಂದೆ ಇದ್ದರು. ಖಾಲಿ ಬಾಟಲಿಯನ್ನು ಅವರ ಮುಂದೆ ಇಟ್ಟೆ. ನೋಡಿದರು. ಮುಖ ಗಂಟಿಕ್ಕಿಕೊಂಡರು, ಸಿಕ್ಕಿಬಿದ್ದಾಗ ಅವರು ಮಾಡುವುದೇ ಅದು.

"ಮಂಡಿ ನೋವು. ಏನು ಮಾಡಲಿ?"

"ತೋಟದಲ್ಲಿ ಹಚ್ಚಿಕೊಳ್ಳಿ. ಎಲೆ ಚೀಲದಲ್ಲಿ ಬೇಡ" ಅಂದೆ.

ಟೀ ಪಾತ್ರೆ ಇಳಿಸುತ್ತ ಕೇಳಿದರು. "ಅಷ್ಟರಲ್ಲಿ ಇದು ನಿನಗೆ ಗೊತ್ತಾಯ್ತಾ? ನಿಜವಾಗಿ?"

"ಗೊತ್ತಾಯ್ತು ಮಾಮಿ."

ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಒಲೆ ಹೊಗೆ ಅಂದರು. ಗ್ಯಾಸ್ ಒಲೆ. ಟೀ ಸೋಸಿ ಲೋಟದಲ್ಲಿ ನನ್ನ ಮುಂದೆ ಇಟ್ಟು, "ಇದು ಹೇಗಿದೆ ಹೇಳು" ಅಂದರು. ಸಕ್ಕರೆ ಜಾಸ್ತಿ, ಹಾಲು ಸ್ವಲ್ಪ ತಳ ಹಿಡಿದಿತ್ತು, ಡಸ್ಟ್ ಟೀಪುಡಿ ನಮ್ಮ ಫ್ಯಾಕ್ಟರಿಯದೇ, ಹೋದ ತಿಂಗಳಿನದು. ಒಂದೊಂದೂ ಬೇರೆ ಬೇರೆಯಾಗಿ ಗೊತ್ತಾಯಿತು.

ಗ್ರೇಡ್ ಹಾಕಲಿಲ್ಲ. ಅದನ್ನು ಉಗುಳಲೂ ಇಲ್ಲ. ಬಾಯಿ ತುಂಬ ತುಂಬಿಸಿಕೊಂಡು, ಕೊನೇ ಗುಟುಕಿನವರೆಗೂ ಕುಡಿದೆ.